ಬೀಗರ ಗುರುವಾರ

ಮೊದಲೇ ಹೇಳಿಬಿಡ್ತೀನಿ, ನಾನು ಸುಳ್ಳುಗಾತಿ ಅಲ್ಲ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸುಳ್ಳು. ಅದನ್ನೇ ವಾರ ವಾರ ಸೀಮೆಸುಣ್ಣದಲ್ಲಿ ಬರೆದಿದ್ದೀನಿ, ಹೊಸದು ಯಾವುದನ್ನೂ ಕಟ್ಟಿಲ್ಲ. ಇಷ್ಟು ಕಡಿಮೆ ಖರ್ಚಲ್ಲಿ ಸಂಸಾರ ತೂಗಿಸಿದೋರು ಯಾರಾದ್ರೂ ಇದ್ರೆ ಬಂದು ಮುಂದೆ ನಿಂತು ಮಾತಾಡಲಿ.

ನಮ್ಮದು ಪ್ಲಾಸ್ಟಿಕ್ ಬಕೆಟ್ ಫ್ಯಾಕ್ಟರಿ. ಬಕೆಟ್, ಮಗ್, ಟಬ್, ಕಸದ ಡಬ್ಬಿ, ಅವುಗಳ ಮುಚ್ಚಳ. ಅಚ್ಚು ಹೊಡೆಯೋ ಮಿಷನ್ ಮೂರಿವೆ. ಮೊದಲನೇದಕ್ಕೆ ಅಜ್ಜಿ ಅಂತ ಕರೀತೀವಿ. ಬೆಳಿಗ್ಗೆ ಬಿಸಿಯಾಗೋಕೆ ಒಂದು ಗಂಟೆ ಬೇಕು, ಬಿಸಿಯಾದ ಮೇಲೂ ಗೊಣಗ್ತಾನೇ ಇರುತ್ತೆ. ಎರಡನೇದು ಮಗಳು. ಮೂರನೇದು ಐದು ವರ್ಷದ ಹಿಂದೆ ಬಂದ ಹೊಸ ಸೊಸೆ, ದೊಡ್ಡ ಮಾಲೆಲ್ಲ ಅದರಲ್ಲೇ ಆಗಬೇಕು. ಯಾವ ಮಿಷನ್ನಲ್ಲಿ ಯಾವ ಹೊತ್ತಿಗೆ ಯಾವ ಮಾಲು, ಯಾವ ಬಣ್ಣ ಅಂತ ಗೋಡೆ ಮೇಲಿನ ಕರಿಹಲಗೇಲಿ ಮನೆ ಹಾಕಿ ಬರೆಯೋಳು ನಾನು. ಅದಕ್ಕೇ ಎಲ್ಲರಿಗೂ ನಾನು ಬೋರ್ಡಮ್ಮ. ಇಪ್ಪತ್ತನಾಲ್ಕನೇ ವಯಸ್ಸಿಗೆ ಗೋಡೌನಲ್ಲಿ ಮುಚ್ಚಳ ಎಣಿಸೋಕೆ ಸೇರಿದೆ. ಹದಿನೈದು ವರ್ಷ ಮುಚ್ಚಳಾನೇ ಎಣಿಸಿದೆ, ನಿದ್ದೇಲೂ ಎಣಿಸ್ತಿದ್ದೆ. ಆಮೇಲೆ ಸೀಮೆಸುಣ್ಣ ಕೈಗೆ ಬಂತು. ಇನ್ನೆರಡು ವರ್ಷಕ್ಕೆ ನಿವೃತ್ತಿ, ಅಲ್ಲೀತನಕ ಈ ಹಲಗೆ ಮುಂದೇನೇ ಇರಬೇಕು ಅನ್ನೋದು ಬಿಟ್ರೆ ನನಗೆ ಬೇರೆ ಆಸೆ ಇಲ್ಲ.

ಬೋರ್ಡ್ ಬರೆಯೋದು ಮಕ್ಕಳಾಟ ಅಂದ್ಕೋಬೇಡಿ. ಬಣ್ಣಕ್ಕೊಂದು ಸಾಲಿದೆ. ಬಿಳಿ, ಕೆನೆ, ಹಳದಿ, ಕೆಂಪು, ನೀಲಿ, ಕೊನೆಗೆ ಕಪ್ಪು. ತಿಳಿಯಿಂದ ಗಾಢಕ್ಕೆ ಇಳೀಬೇಕು, ಹತ್ತೋ ಹಾಗಿಲ್ಲ. ಕಪ್ಪು ಒಂದು ಸಲ ಮಿಷನ್ ಹೊಟ್ಟೆ ಸೇರ್ತು ಅಂದ್ರೆ ಮತ್ತೆ ಹಳದಿ ಬರಬೇಕಾದ್ರೆ ಅರ್ಧ ದಿನ ತೊಳೀಬೇಕು. ಇಷ್ಟೂ ಲೆಕ್ಕ ಹಾಕಿ ಸೋಮವಾರ ಚೆಂದಾಗಿ ಬರೆದಿಟ್ರೆ, ಮಂಗಳವಾರ ಕರೆಂಟ್ ಹೋಗುತ್ತೆ. ಇಲ್ಲ ಅಚ್ಚು ಬಿರಿಯುತ್ತೆ. ಇಲ್ಲ ಪ್ಲಾಸ್ಟಿಕ್ ಕಾಳು ತರೋ ಲಾರಿ ಎಲ್ಲೋ ಕೆಟ್ಟು ನಿಲ್ಲುತ್ತೆ. ಯಾವ ವಾರ ಯಾವುದು ಕೈಕೊಡುತ್ತೆ ಅಂತ ಹೇಳೋಕೆ ನಾನೇನು ಜ್ಯೋತಿಷಿ ಅಲ್ಲ. ಆದರೆ ವಾರಕ್ಕೊಂದು ಕೈಕೊಟ್ಟೇ ಕೊಡುತ್ತೆ ಅಂತ ಗೊತ್ತು. ಅದಕ್ಕೇ ಶುರುವಿನಲ್ಲಿ ಗುರುವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಒಂದು ಮನೆ ಖಾಲಿ ಬಿಡ್ತಿದ್ದೆ. ಏನೇ ಎಡವಟ್ಟಾದ್ರೂ ಅಲ್ಲಿಗೆ ತಳ್ಳಿ ಸರಿ ಮಾಡ್ಕೋಬಹುದು.

ನಮ್ಮ ಧಣಿಗೋ, ಖಾಲಿ ಮನೆ ಕಂಡ್ರೆ ಕೈ ಕಡಿಯುತ್ತೆ. ಒಳ್ಳೇ ಮನುಷ್ಯ, ಬಾಯಿ ಮಾತ್ರ ಅವರ ಮಾತು ಕೇಳಲ್ಲ. ಖಾಲಿ ಇದೆ ಅಂತ ಕಂಡ ಕೂಡಲೇ ಫೋನಲ್ಲಿ ಯಾರಿಗೋ, "ಆಗುತ್ತೆ ಬಿಡಿ, ಗುರುವಾರ ಸಂಜೆಗೆ ಕಳಿಸ್ತೀನಿ" ಅಂದುಬಿಡೋರು. ಅದೇ ವಾರ ಕರೆಂಟ್ ಹೋಗೋದು. ಮೂರು ಗಿರಾಕಿಗಳ ಮಾಲು ತಡ, ಬೈಗುಳ ಮಾತ್ರ ನನಗೊಬ್ಬಳಿಗೆ. ಕರೆಂಟ್ ಹೋಗಿತ್ತು ಧಣಿ ಅಂದ್ರೆ, "ಫ್ಯಾಕ್ಟರಿ ಅಂದ್ಮೇಲೆ ಕರೆಂಟ್ ಹೋಗುತ್ತಮ್ಮ, ಅದನ್ನೆಲ್ಲ ನನಗೆ ಹೇಳಬೇಡ" ಅನ್ನೋರು. ಎರಡು ವರ್ಷ ತಾಳಿದೆ, ಮೂರು ವರ್ಷ ತಾಳಿದೆ. ಆರನೇ ವರ್ಷ ಒಂದು ದಿನ ಸಿಟ್ಟು ನೆತ್ತಿಗೇರಿ, ಆ ಖಾಲಿ ಮನೇಲಿ ದಪ್ಪ ಅಕ್ಷರದಲ್ಲಿ ಬರೆದೆ: ಬೀಗರ ಸ್ಟೋರ್ಸ್, ಕಪ್ಪು ಬಕೆಟ್, ಮುನ್ನೂರು.

ಬೀಗರು ಅಂತ ಯಾಕೆ ಬರೆದೆ ಅಂದ್ರೆ, ಮನೇಲಿ ಯಾರಿಗೆ ಬೇಕಾದ್ರೂ ಕಡಿಮೆ ಮಾಡಬಹುದು, ಬೀಗರಿಗೆ ಅಂತ ಎತ್ತಿಟ್ಟಿದ್ದನ್ನ ಮುಟ್ಟೋ ಧೈರ್ಯ ಯಾರಿಗಿದೆ. ಧಣಿ ನೋಡಿದರು, ತಲೆ ಆಡಿಸಿದರು, ಮುಂದೆ ಹೋದರು. ಅಷ್ಟೇ. ಅವತ್ತಿಂದ ಗುರುವಾರ ಬೀಗರದ್ದು. ಎಡವಟ್ಟಾದ ವಾರ ಬೀಗರ ಹೊತ್ತನ್ನ ತಿಂದು ಉಳಿದೋರಿಗೆ ಸರಿಯಾಗಿ ಕೊಡ್ತಿದ್ದೆ. ಎಡವಟ್ಟಾಗದ ವಾರ, ಅಂಥದ್ದು ವರ್ಷಕ್ಕೆ ನಾಲ್ಕೋ ಐದೋ, ಮಿಷನ್ನಿಗೆ ಎಣ್ಣೆ ಬಿಡಿಸ್ತಿದ್ದೆ. ರಿಜಿಸ್ಟರಲ್ಲಿ ಮಾತ್ರ ಪ್ರತಿ ವಾರ ಬೀಗರ ಹೆಸರಿನ ಮುಂದೆ "ತಲುಪಿಲ್ಲ" ಅಂತ ಸತ್ಯಾನೇ ಬರೆದೆ. ಅದರಲ್ಲಿ ಫೋನ್ ನಂಬರಿಗೆ ಒಂದು ಕಾಲಮ್ಮಿತ್ತು, ಖಾಲಿ ಬಿಟ್ರೆ ಚೆನ್ನಾಗಿರಲ್ಲ ಅಂತ ನಮ್ಮನೆ ನಂಬರ್ ಹಾಕಿದೆ. ಧಣಿ ಹಳೇ ರಿಜಿಸ್ಟರ್ ತೆಗೆದು ನೋಡೋ ಪೈಕಿ ಅಲ್ಲ. ಅವರಿಗೆ ನಾಳೆಯದು ಮಾತ್ರ ಬೇಕು.

ಫ್ಲೋರಲ್ಲಿ ಎಲ್ಲರಿಗೂ ಗೊತ್ತಿತ್ತು. ಮಿಷನ್ ರಿಪೇರಿ ಮಾಡೋ ಫಿಟ್ಟರ್ ಎಣ್ಣೆಡಬ್ಬಿ, ಹೊಸ ಸೊಸೆ ನಡೆಸೋ ಮುಚ್ಚಳದಕ್ಕ, ಯಾರೂ ಒಂದು ಮಾತು ಹೊರಗೆ ಬಿಟ್ಟೋರಲ್ಲ. "ಈ ವಾರ ಬೀಗರ ಊಟ ನಾವೇ ಮಾಡಿದ್ವಿ" ಅಂತ ನಗ್ತಿದ್ರು, ಅಷ್ಟೇ.

ಹೀಗೆ ಹನ್ನೊಂದು ವರ್ಷ. ಆಮೇಲೆ ಧಣಿಯ ಮೊಣಕಾಲು ಸೋತು ಮನೇಲಿ ಕೂತರು, ಅಳಿಯ ಬಂದರು.

ಅಳಿಯಂದ್ರ ಮೇಲೆ ನನಗೇನೂ ದ್ವೇಷ ಇಲ್ಲ. ಮೂವತ್ತೈದರ ಹುಡುಗ, ಇಸ್ತ್ರಿ ಅಂಗಿ, ಎಲ್ಲರಿಗೂ ಬಹುವಚನ. ಆದರೆ ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗೆ. ಸೋಮವಾರ ಬಂದರು, ಹಳೇ ರಿಜಿಸ್ಟರೆಲ್ಲ ಹೊರಗೆ ಎಳೆಸಿದರು, ಎರಡು ದಿನ ಲ್ಯಾಪ್‌ಟಾಪಿಗೆ ತುಂಬಿದರು. ಬುಧವಾರ ನನ್ನ ಕರೆದರು. ಮುಖ ನೋಡಿದರೆ ಯಾರೋ ತೀರಿಕೊಂಡಿದ್ದಾರೇನೋ ಅನ್ನಿಸ್ತು.

"ಬೋರ್ಡಮ್ಮ, ತಿಂಗಳಿಗೆ ಇಪ್ಪತ್ತೆರಡು ಆರ್ಡರ್ ತಗೋತೀವಿ. ಹೇಳಿದ ದಿನಕ್ಕೆ ತಲುಪೋದು ಹದಿನೆಂಟು. ಅಂದ್ರೆ ನೂರಕ್ಕೆ ಎಂಬತ್ತೆರಡು. ತೊಂಬತ್ತೈದಿಲ್ಲದ ಫ್ಯಾಕ್ಟರಿ ಫ್ಯಾಕ್ಟರೀನೇ ಅಲ್ಲ ಅಂತ ನಾನು ಓದಿದ್ದೀನಿ."

"ಓದಿದ್ದೀರಿ, ಸರಿ" ಅಂದೆ.

"ಅದಿರಲಿ. ಈ ನಾಲ್ಕು ಯಾವುವು ಅಂತ ನೋಡಿದೆ. ನಾಲ್ಕೂ ಒಬ್ಬರದ್ದೇ. ಬೀಗರ ಸ್ಟೋರ್ಸ್." ಅವರ ದನಿ ಇಳೀತು. "ಹನ್ನೊಂದು ವರ್ಷ ಬೋರ್ಡಮ್ಮ. ವಾರ ವಾರ ಆರ್ಡರ್ ಕೊಟ್ಟಿದ್ದಾರೆ. ಒಂದು ಸಲಾನೂ ನಾವು ಮಾಲು ಕಳಿಸಿಲ್ಲ. ಆದರೂ ಅವರು ಬೇರೆ ಕಡೆ ಹೋಗಿಲ್ಲ. ಒಂದು ತಕರಾರಿನ ಪತ್ರ ಇಲ್ಲ. ಇಂಥಾ ಗಿರಾಕಿ ಈ ಕಾಲದಲ್ಲಿ ಸಿಗ್ತಾರಾ?"

ನನಗೆ ನಗು ಬಂತು, ತಡ್ಕೊಂಡೆ. ಸಿಗಲ್ಲ ಅಂದೆ.

"ನಾಳೆ ಗುರುವಾರದಿಂದ ಲೆಕ್ಕ ಶುರು. ಆಕಾಶ ಬೀಳಲಿ, ಎರಡು ಗಂಟೆಗೆ ಬೀಗರ ಮಾಲು ಮಿಷನ್ ಮೇಲೆ ಇರಬೇಕು. ತಿಂಗಳ ಕೊನೆಗೆ ತೊಂಬತ್ತೈದು ಬರದಿದ್ರೆ ಬೋರ್ಡ್ ತೆಗೆಸಿ ಕಂಪ್ಯೂಟರಿಗೆ ಕೊಡ್ತೀನಿ. ನಿಮಗೇನೂ ತೊಂದರೆ ಮಾಡಲ್ಲ. ಗೋಡೌನಲ್ಲಿ ಮುಚ್ಚಳದ ಲೆಕ್ಕಕ್ಕೆ ಒಬ್ಬರು ಬೇಕಾಗಿದ್ದಾರೆ."

ಆ ರಾತ್ರಿ ಮಲಗಿದಲ್ಲೇ ಲೆಕ್ಕ ಹಾಕಿದೆ. ಬೀಗರು ಇರೋ ತನಕ ಎಂಬತ್ತೆರಡು ದಾಟಲ್ಲ. ಬೀಗರಿಗೆ ನಿಜವಾಗ್ಲೂ ಬಕೆಟ್ ಮಾಡೋಕೆ ಹೋದ್ರೆ ಎಡವಟ್ಟಿಗೆ ಜಾಗ ಇಲ್ಲ, ಉಳಿದೋರ ಮಾಲು ಮುಳುಗುತ್ತೆ. ಬೀಗರೇ ಇಲ್ಲ ಅಂತ ಒಪ್ಕೊಂಡ್ರೆ ಸುಳ್ಳುಗಾತಿ ಅನ್ನಿಸ್ಕೊಂಡು ಕುರ್ಚಿ ಹೋಗುತ್ತೆ. ಯಾವ ಕಡೆ ತಿರುಗಿದ್ರೂ ಗೋಡೌನೇ ಕಾಣುತ್ತೆ. ಮಾಡಿದ್ದುಣ್ಣೋ ಮಹರಾಯ ಅಂತ ನನಗೆ ನಾನೇ ಬೈಕೊಂಡೆ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಇಲಿ ಬಂತು.

ಬಂತು ಅಂದ್ರೆ ರಾತ್ರೀನೇ ಬಂದಿತ್ತು, ನಮಗೆ ಎಂಟಕ್ಕೆ ಗೊತ್ತಾಯ್ತು. ಹೊಸ ಸೊಸೆಯ ಕರೆಂಟ್ ಪೆಟ್ಟಿಗೆ ಒಳಗೆ ನುಗ್ಗಿ ಬಿಸಿ ಅಳೆಯೋ ವೈರೆಲ್ಲ ಕಡಿದು ಹಾಕಿತ್ತು. ಅವತ್ತು ಅದೇ ಮಿಷನ್ನಲ್ಲಿ ಆಸ್ಪತ್ರೆಯ ಹಳದಿ ಕಸದ ಡಬ್ಬಿ ಓಡಬೇಕು. ಒಟ್ಟು ಸಾವಿರದ ಇನ್ನೂರು, ಬುಧವಾರಕ್ಕೆ ಏಳುನೂರು ಆಗಿತ್ತು, ಉಳಿದ ಐನೂರು ಮಧ್ಯಾಹ್ನ ಎರಡರೊಳಗೆ ಮುಗಿಯೋ ಲೆಕ್ಕ. ಸಂಜೆ ಏಳಕ್ಕೆ ಲಾರಿ, ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯ ಹೊಸ ಕಟ್ಟಡ ತೆರೀತಾರೆ. ಎಣ್ಣೆಡಬ್ಬಿ ಪೆಟ್ಟಿಗೆ ಒಳಗೆ ತಲೆ ತೂರಿಸಿ ನಾಲ್ಕೂವರೆ ಗಂಟೆ ಹೊರಗೆ ತೆಗೀಲಿಲ್ಲ. ಹನ್ನೆರಡೂವರೆಗೆ ಮಿಷನ್ ಉಸಿರಾಡ್ತು, ಮುಚ್ಚಳದಕ್ಕ ಮತ್ತೆ ಹಳದಿ ಶುರು ಮಾಡಿದಳು. ಗಂಟೆಗೆ ತೊಂಬತ್ತು. ಬೀಗರ ಹೊತ್ತು ಪೂರ್ತಿ ತಿಂದರೆ ಆರು ಗಂಟೆಗೆ ಸರಿಯಾಗಿ ಮುಗಿಯುತ್ತೆ. ಇದಕ್ಕೇ ತಾನೇ ನಾನು ಬೀಗರನ್ನ ಹೆತ್ತಿದ್ದು.

ಬೋರ್ಡ್ ಒರೆಸೋಕೆ ಬಟ್ಟೆ ಎತ್ತಿದೆ, ಅಳಿಯ ಬಂದು ಬೋರ್ಡಿಗೆ ಬೆನ್ನು ಕೊಟ್ಟು ನಿಂತರು.

"ಬೀಗರನ್ನ ಮುಟ್ಟಬೇಡಿ."

"ಆಸ್ಪತ್ರೆ ಮಾಲು ಉಳಿಯುತ್ತೆ ಸ್ವಾಮಿ, ನಾಳೆ ಬೆಳಿಗ್ಗೆ ಬೇಕು ಅವರಿಗೆ."

"ಆಸ್ಪತ್ರೆಗೆ ಯಾವತ್ತೂ ತಡ ಆಗಿಲ್ಲ. ಒಂದು ದಿನ ಅವರು ಕಾಯಲಿ. ಯಾವಾಗಲೂ ಒಬ್ಬರೇ ಕಾಯೋದು ನ್ಯಾಯಾನಾ?" ಅಂಥಾ ನ್ಯಾಯವಂತರನ್ನ ನಾನು ಜನ್ಮದಲ್ಲಿ ನೋಡಿಲ್ಲ, ಇಲ್ಲದಿರೋರ ಪರ ವಾದ ಮಾಡ್ತಿದ್ದಾರೆ.

ಬುದ್ಧಿ ಓಡಿಸಿದೆ. "ಬೀಗರು ತುಂಬಾ ಒಳ್ಳೆಯೋರು ಸ್ವಾಮಿ. ನಾನೇ ಫೋನ್ ಮಾಡಿ ಕೇಳ್ತೀನಿ, ಒಂದು ವಾರ ತಾಳ್ಕೋತಾರೆ" ಅಂದೆ. ಮೂಲೆಗೆ ಹೋಗಿ ಫೋನ್ ಕಿವಿಗಿಟ್ಟು ಎರಡು ಮಾತು ನಾಟಕ ಆಡಿ ಬಂದರೆ ಮುಗೀತು ಅಂತ ನನ್ನ ಲೆಕ್ಕ.

"ಬೇಡ" ಅಂದರು. "ಹನ್ನೊಂದು ವರ್ಷದ ತಪ್ಪಿಗೆ ನಾನೇ ಮಾತಾಡಬೇಕು." ರಿಜಿಸ್ಟರ್ ತೆಗೆದರು, ನಂಬರ್ ಒತ್ತಿದರು, ಸ್ಪೀಕರಿಗೆ ಹಾಕಿದರು.

ಆ ಹೊತ್ತಿಗೆ ನಮ್ಮತ್ತೆ ಮಲಗಿರ್ತಾರೆ ಅಂತ ನಾನು ಧೈರ್ಯ ತಂದ್ಕೊಂಡೆ. ನಮ್ಮತ್ತೆಗೆ ಎಪ್ಪತ್ತೊಂಬತ್ತು. ಎಚ್ಚರ ಇರೋ ಹೊತ್ತೆಲ್ಲ ಫೋನ್ ಮಡಿಲಲ್ಲಿ ಇಟ್ಕೊಂಡು ಕೂತಿರ್ತಾರೆ, ರಾಂಗ್ ನಂಬರ್ ಬಂದರೂ ಕಾಲು ಗಂಟೆ ಬಿಡಲ್ಲ. ಅವತ್ತು ಮೊದಲನೇ ರಿಂಗಿಗೇ ಎತ್ತಿದರು.

"ಯಾರಪ್ಪ ಅದು?"

"ಅಮ್ಮ, ನಮಸ್ಕಾರ. ಬಕೆಟ್ ಫ್ಯಾಕ್ಟರಿಯಿಂದ ಮಾತಾಡ್ತಿದ್ದೀನಿ. ನಿಮಗೆ ವಾರ ವಾರ ಮುನ್ನೂರು ಬಕೆಟ್ ಕಳಿಸಬೇಕಿತ್ತು, ಹನ್ನೊಂದು ವರ್ಷದಿಂದ ಕಳಿಸಿಲ್ಲ. ನಾನು ಹೊಸಬ. ಕ್ಷಮೆ ಕೇಳೋಕೆ ಮಾಡಿದೆ."

ಆ ಕಡೆ ಸದ್ದಿಲ್ಲ. ನನಗೆ ಆ ಮೌನ ಗೊತ್ತು. ಅಂಗಡಿಯವನು ತಪ್ಪಿ ಚಿಲ್ಲರೆ ಜಾಸ್ತಿ ಕೊಟ್ಟಾಗ ನಮ್ಮತ್ತೆ ಹೀಗೇ ಸುಮ್ಮನಾಗ್ತಾರೆ.

"ಎಷ್ಟು ಅಂದೆ?"

"ಮುನ್ನೂರಮ್ಮ."

"ಅದಕ್ಕೆ ದುಡ್ಡು?"

"ಈ ಸಲದ್ದಕ್ಕೆ ಬೇಡಮ್ಮ. ಅದು ನಮ್ಮ ಮರ್ಯಾದೆ."

"ಒಳ್ಳೇ ತಾಯಿ ಹೆತ್ತಿದ್ದಾಳೆ ನಿನ್ನ" ಅಂದರು ಅತ್ತೆ. ಬಿಟ್ಟಿ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅನ್ನೋ ಜಾತಿ ಅವರದ್ದು.

"ಒಂದೇ ಒಂದು ಕೇಳ್ಕೋತೀನಿ. ಇವತ್ತು ಇಲ್ಲಿ ಸ್ವಲ್ಪ ತೊಂದರೆ ಆಗಿದೆ. ಮುಂದಿನ ವಾರಕ್ಕೆ ಕಳಿಸಿದರೆ ಆಗುತ್ತಾ?"

ಆಗುತ್ತೆ ಅನ್ನಿ ಅತ್ತೆ, ಆಗುತ್ತೆ ಅನ್ನಿ ಅಂತ ನಾನು ಮನಸ್ಸಲ್ಲೇ ಕೈ ಮುಗಿದೆ.

"ನೋಡಪ್ಪ," ಅತ್ತೆಯ ದನಿ ಇದ್ದಕ್ಕಿದ್ದ ಹಾಗೆ ಸೊರಗಿತು. ಬೆಳಿಗ್ಗೆ ತಾನೇ ಪಕ್ಕದ ಬೀದಿಗೆ ಕೇಳೋ ಹಾಗೆ ನನ್ನ ಬೈದಿದ್ದ ದನಿ ಅದು. "ನಾನು ಎಂಬತ್ತರ ಹೊಸ್ತಿಲಲ್ಲಿ ಇರೋಳು. ಮುಂದಿನ ವಾರ ಇರ್ತೀನೋ ಇಲ್ವೋ. ಇವತ್ತೇ ಕಳಿಸಿಬಿಡು."

ಅಳಿಯ ಫೋನ್ ಇಟ್ಟರು, ಕಣ್ಣು ಒರೆಸಿಕೊಂಡರು. "ಕೇಳಿದ್ರಾ? ಪಾಪ, ವಯಸ್ಸಾದ ಜೀವ." ಆಮೇಲೆ ಫ್ಲೋರ್ ಕಡೆ ತಿರುಗಿ, "ಎರಡು ಗಂಟೆಗೆ ಕಪ್ಪು ಹಾಕಿ" ಅಂದರು. ಮುಚ್ಚಳದಕ್ಕ ನನ್ನ ಮುಖ ನೋಡಿದಳು. ಕಪ್ಪು ಕಾಳಿನ ಚೀಲ ತಂದು ಮಿಷನ್ ಪಕ್ಕ ಇಟ್ಕೊಂಡಳು, ಚೀಲದ ಬಾಯಿ ಬಿಚ್ಚಿದಳು. ಗಡಿಯಾರ ಒಂದೂ ನಲವತ್ತು.

ಅದು ಒಳಗೆ ಬಿದ್ದರೆ ಹಳದಿ ಇವತ್ತಿಗೆ ಸತ್ತ ಹಾಗೆ. ಮುಚ್ಚಳ ಎಣಿಸೋದು ಹೇಗೂ ತಪ್ಪಲ್ಲ, ಆಸ್ಪತ್ರೆಯನ್ನಾದರೂ ಯಾಕೆ ಮುಳುಗಿಸಲಿ ಅನ್ನಿಸ್ತು. ಉಸಿರು ಎಳ್ಕೊಂಡು ಹೇಳಿಬಿಟ್ಟೆ.

"ಸ್ವಾಮಿ, ಬೀಗರು ಇಲ್ಲ."

"ಎಲ್ಲಿಗೆ ಹೋಗಿದ್ದಾರೆ?"

"ಎಲ್ಲಿಗೂ ಹೋಗಿಲ್ಲ. ಹುಟ್ಟೇ ಇಲ್ಲ. ಖಾಲಿ ಮನೆ ಉಳಿಸ್ಕೊಳ್ಳೋಕೆ ನಾನೇ ಬರೆದ ಹೆಸರದು. ನೀವು ಮಾತಾಡಿದ್ದು ನಮ್ಮತ್ತೆ ಹತ್ತಿರ."

ಅವರು ನನ್ನನ್ನ ಕನಿಕರದಿಂದ ನೋಡಿದರು. "ಬೋರ್ಡಮ್ಮ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಕುರ್ಚಿ ಹೋಗುತ್ತೆ ಅಂತ ಭಯ. ಆದರೆ ಅದಕ್ಕೆ ಒಂದು ವಯಸ್ಸಾದ ಗಿರಾಕಿಯನ್ನೇ ಇಲ್ಲ ಅನ್ನೋದಾ? ನಾನು ಈಗ ತಾನೇ ಅವರ ದನಿ ಕೇಳಿದ್ದೀನಿ."

ಹನ್ನೊಂದು ವರ್ಷ ಸುಳ್ಳನ್ನ ಎಲ್ಲರೂ ನಂಬಿದರು, ಒಂದು ದಿನ ಸತ್ಯ ಹೇಳಿದರೆ ಈ ಪಾಡು. "ಬೇಕಾದ್ರೆ ಇವರನ್ನ ಕೇಳಿ" ಅಂದೆ.

ಎಣ್ಣೆಡಬ್ಬಿಯನ್ನ ಕರೆದರು. "ಬೀಗರ ಸ್ಟೋರ್ಸ್ ನಿಮಗೆ ಗೊತ್ತಾ?"

ಎಣ್ಣೆಡಬ್ಬಿ ನನ್ನ ಕಡೆ ನೋಡಿದ. ಹೇಳು ಅಂತ ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಆ ಪುಣ್ಯಾತ್ಮ, ಬೋರ್ಡಮ್ಮ ಆಪತ್ತಲ್ಲಿದ್ದಾಳೆ, ಕಾಪಾಡು ಅಂತಿದ್ದಾಳೆ ಅಂದ್ಕೊಂಡ.

"ಗೊತ್ತಿಲ್ಲದೆ ಏನು ಸ್ವಾಮಿ. ಚಿನ್ನದಂಥ ಜನ. ಎರಡು ಸಲ ಇಲ್ಲಿಗೂ ಬಂದಿದ್ರು, ನನ್ನ ಕೈ ಕುಲುಕಿದ್ರು."

"ಅಯ್ಯೋ ನಿನ್ನ" ಅಂದೆ ನಾನು.

ಮುಚ್ಚಳದಕ್ಕ ಅಲ್ಲಿಂದಲೇ ಧ್ವನಿ ಸೇರಿಸಿದಳು. "ಅವರ ಮಗಳ ಮದುವೆಗೆ ನನ್ನನ್ನೂ ಕರೆದಿದ್ರು ಸ್ವಾಮಿ. ಮಗು ಹುಷಾರಿರಲಿಲ್ಲ, ಹೋಗೋಕಾಗಲಿಲ್ಲ."

ಇಬ್ಬರೂ ನನ್ನ ಕಡೆ ತಿರುಗಿ, ಹೇಗೆ ಅನ್ನೋ ಹಾಗೆ ಹುಬ್ಬು ಹಾರಿಸಿದರು. ಅವರಿಗೆ ಬಾರಿಸಬೇಕೋ ತಬ್ಬಿಕೊಳ್ಳಬೇಕೋ ಗೊತ್ತಾಗಲಿಲ್ಲ. ಇಂಥಾ ಜನರ ಜೊತೆ ಮೂವತ್ತೆರಡು ವರ್ಷ ಕಳೆದಿದ್ದೀನಲ್ಲ, ಇವರನ್ನ ಬಿಟ್ಟು ಗೋಡೌನಿಗೆ ಹೇಗೆ ಹೋಗಲಿ ಅನ್ನಿಸ್ತು. ಗಡಿಯಾರ ಒಂದೂ ಐವತ್ತು.

"ಸ್ವಾಮಿ, ಅದೇ ನಂಬರಿಗೆ ಇನ್ನೊಂದು ಸಲ ಮಾಡಿ. ಈ ಸಲ ನಾನು ಮಾತಾಡ್ತೀನಿ. ಆಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ."

ಬೇಸರದಿಂದಲೇ ಮಾಡಿದರು. ಸ್ಪೀಕರಿಗೆ ಹಾಕಿದರು. ಅತ್ತೆ ಎತ್ತಿದ ಕೂಡಲೇ, "ಅತ್ತೆ, ನಾನು" ಅಂದೆ.

"ನೀನಾ? ಒಳ್ಳೇ ಹೊತ್ತಿಗೆ ಮಾಡಿದೆ ನೋಡು." ಸೊರಗಿದ ದನಿ ಎಲ್ಲಿ ಹೋಯ್ತೋ. "ನಿಮ್ಮ ಫ್ಯಾಕ್ಟರಿಯಿಂದ ಯಾವನೋ ತಲೆಕೆಟ್ಟೋನು ಫೋನ್ ಮಾಡಿದ್ದ. ಮುನ್ನೂರು ಬಕೆಟ್ ಬಿಟ್ಟಿ ಕಳಿಸ್ತಾನಂತೆ. ನೀನು ಮಧ್ಯೆ ಬಾಯಿ ಹಾಕಿ ಕೆಡಿಸಬೇಡ. ಆಚೆಮನೆಯವಳಿಗೆ ಆಗಲೇ ಐವತ್ತು ಮಾತಾಡಿದ್ದೀನಿ. ಬರ್ತಾ ಹೇಗೂ ಖಾಲಿ ಕೈ, ನೀನೂ ಎರಡು ಹಿಡ್ಕೊಂಡು ಬಾ. ಆಮೇಲೆ ಅವನಿಗೆ ಹೇಳಬೇಡ ನಾನು ನಿಮ್ಮತ್ತೆ ಅಂತ."

ಎಣ್ಣೆಡಬ್ಬಿ ಸ್ಪ್ಯಾನರ್ ನೋಡ್ತಾ ನಿಂತ. ಅಳಿಯಂದ್ರ ಮುಖ ಕಿವಿವರೆಗೂ ಕೆಂಪಾಯ್ತು. ನಾನು, "ಆಯ್ತು ಅತ್ತೆ" ಅಂತ ಫೋನ್ ಇಟ್ಟೆ.

ಅಳಿಯ ಮಿಷನ್ ಕಡೆ ತಿರುಗಿದರು. ಮುಚ್ಚಳದಕ್ಕನಿಗೆ, "ಕಪ್ಪು ಬೇಡ, ಹಳದೀನೇ ಓಡಿಸಿ" ಅಂದರು. ಅಷ್ಟರಮಟ್ಟಿಗೆ ಅವರು ಒಳ್ಳೆಯೋರು, ಸಿಟ್ಟನ್ನ ಮಿಷನ್ ಮೇಲೆ ತೀರಿಸಲಿಲ್ಲ. ಆಮೇಲೆ ನನ್ನ ಕೈಯಿಂದ ಬಟ್ಟೆ ತಗೊಂಡು ಬೀಗರ ಮನೆಯನ್ನ ತಾವೇ ಒರೆಸಿದರು. ಕಪ್ಪು, ಬಕೆಟ್, ಮುನ್ನೂರು, ಒಂದೊಂದಾಗಿ ಹೋದವು.

"ಹನ್ನೊಂದು ವರ್ಷ ಬೋರ್ಡಮ್ಮ," ಅಂದರು. "ನಾನು ಅವರಿಗೋಸ್ಕರ ಕಣ್ಣೀರು ಹಾಕಿದೆ. ಸೀಮೆಸುಣ್ಣ ಕೊಡಿ. ನಾಳೆ ಬೆಳಿಗ್ಗೆ ಗೋಡೌನಿಗೆ ಹೋಗಿ."

ಕೊಟ್ಟೆ. ಅಳು ಬಂತು. ಅಷ್ಟೂ ಜನರ ಮುಂದೆ ಅಳಬಾರದು ಅಂತ ಹಲ್ಲು ಕಚ್ಚಿದೆ, ಆದರೂ ಬಂತು. ಒಂದು ದಿನ ತಪ್ಪದೆ ಹದಿನೇಳು ವರ್ಷ ಆ ಹಲಗೆ ಮುಂದೆ ನಿಂತಿದ್ದೆ, ಹುಷಾರಿಲ್ಲದಾಗಲೂ ಬಂದು ಬರೆದು ಹೋಗಿದ್ದೆ. ಈಗ ಅದರಲ್ಲಿ ಒಂದು ಮನೆ ಖಾಲಿ ಇತ್ತು, ಒದ್ದೆ ಬಟ್ಟೆಯ ಗುರುತು ಇನ್ನೂ ಆರಿರಲಿಲ್ಲ.

ಎರಡು ಗಂಟೆ ಹೊಡೀತು, ಅಳಿಯಂದ್ರ ಫೋನ್ ಬಡಕೊಂಡಿತು. ಧಣಿ. ಊಟ ಮುಗಿಸಿ ಮಲಗೋ ಮುಂಚೆ ದಿನಾ ಒಂದು ಸಲ ಮಾಡ್ತಾರೆ. ಸ್ಪೀಕರ್ ಇ‌ನ್ನೂ ಹಾಕಿದ ಹಾಗೇ ಇತ್ತು, ತೆಗೆಯೋದನ್ನ ಅಳಿಯ ಮರೆತಿದ್ದರು.

"ಅಳಿಯಂದ್ರೇ, ಊಟ ಆಯ್ತಾ? ಇವತ್ತು ಮಧ್ಯಾಹ್ನ ಹೊಸ ಸೊಸೆ ಖಾಲಿ ಇದೆಯಾ? ನನ್ನ ಮೊಣಕಾಲು ತಿಕ್ಕೋಕೆ ಬರ್ತಾನಲ್ಲ, ಅವನ ಭಾವಂದು ಹೋಟೆಲಂತೆ. ಇನ್ನೂರು ನೀಲಿ ಟಬ್ ಸಂಜೆಗೇ ಬೇಕಂತೆ. ಆಗುತ್ತೆ ಬಿಡು ಅಂದೆ."

"ಇವತ್ತಾ? ಆಗಲ್ಲ ಮಾವ. ಹಳದಿ ಡಬ್ಬಿ ಇನ್ನೂ ಮುಗಿದಿಲ್ಲ."

"ಎರಡಕ್ಕೆ ಮುಗಿಯುತ್ತೆ ಅಂತ ನೀವೇ ನಿನ್ನೆ ಹೇಳಿದ್ರಲ್ಲ."

"ಇಲಿ ವೈರ್ ಕಡೀತು ಮಾವ. ನಾಲ್ಕೂವರೆ ಗಂಟೆ—"

"ಫ್ಯಾಕ್ಟರಿ ಅಂದ್ಮೇಲೆ ಇಲಿ ಇರುತ್ತೆ ಅಳಿಯಂದ್ರೇ, ಅದನ್ನೆಲ್ಲ ನನಗೆ ಹೇಳಬೇಡಿ. ಎರಡರಿಂದ ಆರು, ಖಾಲಿ ಇದೆಯೋ ಇಲ್ವೋ? ಅವನು ಇಲ್ಲೇ ನಿಂತಿದ್ದಾನೆ, ಮಾತು ಕೊಟ್ಟಾಗಿದೆ."

ಅಳಿಯ ಬೋರ್ಡ್ ನೋಡಿದರು. ಖಾಲಿ ಮನೆ ಅವರನ್ನೇ ನೋಡ್ತಿತ್ತು. ಹಿಂದೆ ಹಳದಿ ಡಬ್ಬಿ ಒಂದೊಂದಾಗಿ ಬೀಳ್ತಿದ್ವು, ಇನ್ನೂ ಮುನ್ನೂರ ಅರವತ್ತೈದು ಬಾಕಿ. ನಿಜ ಹೇಳೋಕೆ ಇನ್ನೊಂದು ಸಲ ಬಾಯಿ ತೆರೆದರು, ಮುಚ್ಚಿದರು. ನನ್ನ ಕಡೆ ನೋಡಿದರು. ನನ್ನದೇನಿದೆ ಇನ್ನು ಹೇಳೋಕೆ, ಮುಚ್ಚಳ ಎಣಿಸೋಳು.

"ಖಾಲಿ ಇಲ್ಲ ಮಾವ" ಅಂದರು.

"ಹೌದಾ? ಯಾರದ್ದಿದೆ?"

ಅವರು ತಾವೇ ಒರೆಸಿದ ಮನೆ ಮೇಲೆ ಕೈ ಇಟ್ಟರು.

"ಬೀಗರದ್ದು."

"ಓ, ಬೀಗರದ್ದಾ" ಅಂದರು ಧಣಿ, ದನಿ ತಣ್ಣಗಾಗಿತ್ತು. "ಹಾಗಿದ್ರೆ ಮುಟ್ಟಬೇಡಿ. ಹಳೇ ಗಿರಾಕಿ, ಒಂದು ದಿನಾನೂ ನಮ್ಮ ಹತ್ತಿರ ತಕರಾರು ತೆಗೆದೋರಲ್ಲ. ಇವನಿಗೆ ಸೋಮವಾರ ಅಂತ ಹೇಳ್ತೀನಿ." ಫೋನ್ ಇಟ್ಟರು, ಮಲಗೋಕೆ ಹೋಗಿರಬೇಕು.

ಎಣ್ಣೆಡಬ್ಬಿ ಬೆನ್ನು ತಿರುಗಿಸಿ ನಿಂತಿದ್ದ, ಭುಜ ಮಾತ್ರ ಕುಣೀತಿತ್ತು. ಮುಚ್ಚಳದಕ್ಕ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳಿಯ ಯಾರ ಮುಖಾನೂ ನೋಡದೆ ಸೀಮೆಸುಣ್ಣವನ್ನ ನನ್ನ ಅಂಗೈ ಮೇಲೆ ಇಟ್ಟು, ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಆರಕ್ಕೆ ಹಳದಿ ಮುಗೀತು. ಏಳಕ್ಕೆ ಲಾರಿ ಹೊರಟಿತು. ಎಲ್ಲರೂ ಹೋದ ಮೇಲೆ ನಾನು ಮುಂದಿನ ವಾರದ್ದು ಬರೀತಿದ್ದೆ, ಅಳಿಯ ಬಂದು ಪಕ್ಕದಲ್ಲಿ ನಿಂತರು. ಗುರುವಾರದ ಮನೆ ಬಿಟ್ಟು ಉಳಿದದ್ದೆಲ್ಲ ತುಂಬಿದ್ದೆ. ಅದನ್ನ ಬರೆಯೋ ಹಕ್ಕು ನನಗಿದೆಯೋ ಇಲ್ವೋ ಗೊತ್ತಿರಲಿಲ್ಲ.

"ಬರೀರಿ" ಅಂದರು.

"ಬರೀತೀನಿ. ಆದರೆ ಒಂದು ಮಾತು. ಲೆಕ್ಕ ಚೆನ್ನಾಗಿ ಕಾಣಲಿ ಅಂತ ರಿಜಿಸ್ಟರಲ್ಲಿ 'ತಲುಪಿದೆ' ಅಂತ ಬರಿ ಅಂದರೆ ನನ್ನ ಕೈಲಾಗಲ್ಲ. ಸುಳ್ಳು ಬರೆಯೋ ಅಭ್ಯಾಸ ನನಗಿಲ್ಲ. ತಲುಪಿಲ್ಲ ಅಂತಲೇ ಬರೀತೀನಿ, ಎಂಬತ್ತೆರಡೇ ಬರುತ್ತೆ."

ನಗ್ತಾರೋ ಬೈತಾರೋ ಅಂತ ನಾನು ಕಾದೆ.

"ಎಂಬತ್ತೆರಡೇ ಇರಲಿ" ಅಂದರು. "ತೊಂಬತ್ತೈದು ಬಂದ ತಿಂಗಳು ನನಗೆ ಬಂದು ಹೇಳಿ, ಎಲ್ಲೋ ಏನೋ ಎಡವಟ್ಟಾಗಿದೆ ಅಂತ ನಾವಿಬ್ಬರೂ ಕೂತು ಹುಡುಕೋಣ."

ನಾನು ಬೀಗರ ಸ್ಟೋರ್ಸ್ ಅಂತ ಬರೆದೆ, ಕಪ್ಪು ಬಕೆಟ್ ಅಂತ ಬರೆದೆ. ಮುನ್ನೂರು ಅಂತ ಬರೆಯೋಕೆ ಕೈ ಎತ್ತಿದಾಗ ಅವರು ಕೆಮ್ಮಿದರು.

"ಐನೂರು ಮಾಡಿ. ಮುಂದಿನ ತಿಂಗಳು ಕರೆಂಟ್ ಇನ್ನೂ ಜಾಸ್ತಿ ಹೋಗುತ್ತಂತೆ."

ಐನೂರು ಅಂತ ಬರೆದೆ. ಹನ್ನೊಂದು ವರ್ಷ ಮೂರೇ ಬರೆದ ಕೈ, ಐದು ಸ್ವಲ್ಪ ಸೊಟ್ಟ ಬಂತು.